ಬ್ರೌಸರಿಗೆ ಸಂಬಳ ಕೊಡುವವರಾರು?

ಪರರಿಗೆ ಬಂದ ಕಾಗದವನ್ನು ಒಡೆದು ಓದುವದು ಸಭ್ಯತನಕ್ಕೆ ಸಲ್ಲದ ನಡತೆಯೆಂಬದನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಂಚೆಯವನು ಲಕೋಟೆಯನ್ನು ಒಡೆದು ನೋಡಿ ಮತ್ತೆ ಅಂಟಿಸಿ ತಂದುಕೊಟ್ಟನೆಂದು ತಿಳಿದರೆ ಊರಿನ ಮಹನೀಯರೆಲ್ಲರೂ ಕೂಡಿ ಮೇಲಧಿಕಾರಿಗಳಿಗೆ ಅರ್ಜಿ ಬರೆಯುವರು. ಅಂಥ ಗೃಹಸ್ಥರೇ ಬೆಳಗಾದರೆ ಕೈಯಲ್ಲಿ ಫೋನು ಹಿಡಿದು, ತಮ್ಮ ರೋಗಕ್ಕೆ ಔಷಧ, ಮಗಳಿಗೆ ವರ, ಸಾಲದ ಬಡ್ಡಿ, ವರ್ಗಾವಣೆಯ ನಿಯಮ, ಇವೆಲ್ಲವನ್ನೂ ಒಂದು ಚಿಕ್ಕ ಚೌಕದಲ್ಲಿ ಬರೆದು ಹುಡುಕುತ್ತಾರೆ. ಆ ಚೌಕವನ್ನು ಮುಂದಿಡುವ, ಬರೆದುದನ್ನು ಒಯ್ಯುವ, ಉತ್ತರವನ್ನು ತಂದೊಪ್ಪಿಸುವ ಆಳಿನ ಹೆಸರು ಬ್ರೌಸರ್. ಈ ಆಳಿಗೆ ಸಂಬಳ ಕೊಡುವವರು ಯಾರೆಂದು ಕೇಳುವವರು ಮಾತ್ರ ವಿರಳ. ಇಂದು ಆ ಪ್ರಶ್ನೆಯನ್ನೇ ವಾಚಕರ ಮುಂದಿಡಬೇಕೆಂದಿದ್ದೇವೆ.

ಮನೆಯಲ್ಲಿ ಒಬ್ಬ ಆಳನ್ನು ಇಟ್ಟುಕೊಳ್ಳಬೇಕಾದರೆ ಅವನ ಊರು ಯಾವದು, ಹಿಂದೆ ಯಾರಲ್ಲಿದ್ದನು, ಏಕೆ ಬಿಟ್ಟನು ಎಂದು ಹತ್ತು ಕಡೆಗೆ ವಿಚಾರಿಸುತ್ತೇವೆ. ಬ್ರೌಸರಿನ ಮಟ್ಟಿಗೆ ಈ ವಿಚಾರಣೆಯಿಲ್ಲ. ಅದು ಫೋನಿನ ಸಂಗಡಲೇ ಬಂದಿರುತ್ತದೆ. ಗೂಗಲ್ ಸಂಸ್ಥೆಯು 2008ರ ಸಪ್ಟಂಬರಿನಲ್ಲಿ ಹೊರತಂದ ಕ್ರೋಮ್ ಇಂದು ಜಗತ್ತಿನ ಬಳಕೆಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲನ್ನು ಆಕ್ರಮಿಸಿದೆ. ಅದು ಕೆಟ್ಟ ಸಾಧನವೆಂದು ನಾವು ಹೇಳುವದಿಲ್ಲ. ಅದಕ್ಕೆ ವೇಗವಿದೆ; ಕಳ್ಳರಿಂದ ರಕ್ಷಣೆಯೂ ಚೆನ್ನಾಗಿದೆ; ದೋಷ ಕಂಡುಬಂದರೆ ಬೇಗನೆ ತಿದ್ದಲ್ಪಡುತ್ತದೆ. ಆದರೆ ಬಹುಜನ ಇಂಜಿನಿಯರರ ದುಡಿಮೆಯಿಂದಾದ ಇಂಥ ಸಾಧನವನ್ನು ಕಾಸು ಕೇಳದೆ ಹಂಚುತ್ತಿರುವವರು ಧರ್ಮಛತ್ರವನ್ನು ನಡೆಸುತ್ತಿಲ್ಲವೆಂಬದು ನಿಶ್ಚಯ. ಆ ಸಂಸ್ಥೆಯ ಆದಾಯದ ಬಹುಭಾಗವು ಜಾಹೀರಾತಿನಿಂದ ಬರುತ್ತದೆ. ಜಾಹೀರಾತಿಗೆ ಒಳ್ಳೆಯ ಬೆಲೆ ಬರುವದು ಅದನ್ನು ನೋಡುವವನು ಯಾರು, ಅವನಿಗೆ ಏನು ಬೇಕಾಗಿದೆ ಎಂಬದು ತಿಳಿದಾಗ.

ಈ ವ್ಯವಹಾರದ ಒಳಲೆಕ್ಕವು ಅಮೆರಿಕದ ಸರಕಾರವು 2020ರಲ್ಲಿ ಗೂಗಲ್ ಸಂಸ್ಥೆಯ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಹೊರಬಿದ್ದಿತು. 2024ರ ಆಗಸ್ಟಿನಲ್ಲಿ ವಾಶಿಂಗ್ಟನ್ನಿನ ನ್ಯಾಯಾಧೀಶರಾದ ಅಮಿತ್ ಮೆಹತಾ ಇವರು, ಆ ಸಂಸ್ಥೆಯು ಹುಡುಕಾಟದ ವ್ಯಾಪಾರದಲ್ಲಿ ತನ್ನ ಏಕಸ್ವಾಮ್ಯವನ್ನು ಕಾಯಿದೆಗೆ ವಿರುದ್ಧವಾಗಿ ಉಳಿಸಿಕೊಂಡಿದೆಯೆಂದು ತೀರ್ಪಿತ್ತರು. ಫೋನು ಮಾಡುವವರಿಗೂ ಬ್ರೌಸರು ಮಾಡುವವರಿಗೂ, ತಮ್ಮ ಸಾಧನವನ್ನು ತೆರೆದೊಡನೆ ಗೂಗಲಿನ ಚೌಕವೇ ಕಾಣಬೇಕೆಂಬ ಕರಾರಿಗಾಗಿ, 2021 ಒಂದೇ ವರ್ಷದಲ್ಲಿ 2,600 ಕೋಟಿ ಡಾಲರಿಗೂ ಮಿಕ್ಕಿ ಹಣ ಸಂದಾಯವಾಗಿತ್ತು. 2022ರಲ್ಲಿ ಆಪಲ್ ಸಂಸ್ಥೆಯೊಂದಕ್ಕೇ ಸಂದದ್ದು ಸುಮಾರು 2,000 ಕೋಟಿ ಡಾಲರು. ಗಿರಾಕಿಯು ತನ್ನ ಬುದ್ಧಿಯಿಂದ ಆರಿಸಿಕೊಳ್ಳುವವನಾಗಿದ್ದರೆ ಇಷ್ಟು ಹಣವನ್ನು ಸುರಿಯುವ ಪ್ರಮೇಯವಿರಲಿಲ್ಲ. ಇದು ಜನರು ಆರಿಸದೆ ಇರುವದಕ್ಕೆ ಕೊಟ್ಟ ಬೆಲೆ. ಕ್ರೋಮನ್ನು ಮಾರಿಬಿಡುವಂತೆ ಆಜ್ಞೆಯಾಗಬೇಕೆಂದು ವಾದಿಗಳು ಕೇಳಿದ್ದರು. 2025ರ ಸಪ್ಟಂಬರಿನಲ್ಲಿ ನ್ಯಾಯಾಧೀಶರು ಅದಕ್ಕೆ ಒಪ್ಪಲಿಲ್ಲ. ಬೇರೆಯವರಿಗೆ ಎಡೆಯಿಲ್ಲದಂತೆ ಮಾಡುವ ಕರಾರುಗಳನ್ನು ನಿಷೇಧಿಸಿ, ಹಣ ಕೊಡುವದನ್ನು ಹಾಗೆಯೇ ಬಿಟ್ಟರು.

ಬೆನ್ನಟ್ಟಿ ನೋಡುವ ಕೆಲಸವು ನಡೆಯುವ ಬಗೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವದು ಅವಶ್ಯ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ಎಂಬ ಇಂಜಿನಿಯರರು ಕುಕಿ ಎಂಬ ಸಣ್ಣ ಚೀಟಿಯನ್ನು ಕಲ್ಪಿಸಿದರು. ಅಲ್ಲಿಯ ವರೆಗೆ ಜಾಲತಾಣಕ್ಕೆ ನೆನಪೆಂಬದಿರಲಿಲ್ಲ; ಒಂದು ಪುಟದಲ್ಲಿ ಸಾಮಾನನ್ನು ಆರಿಸಿ ಇನ್ನೊಂದು ಪುಟಕ್ಕೆ ಹೋದ ಗಿರಾಕಿಯನ್ನು ಅಂಗಡಿಕಾರನು ಗುರುತಿಸಲಾರದವನಾಗಿದ್ದನು. ಅಂಗಡಿಯು ಕೊಟ್ಟ ಚೀಟಿಯನ್ನು ಬ್ರೌಸರು ಇಟ್ಟುಕೊಂಡು ಮುಂದಿನ ಸಲ ತೋರಿಸುವಂತಾದ ಮೇಲೆ ಆ ತೊಂದರೆ ಕಳೆಯಿತು. ಇಷ್ಟರಲ್ಲಿ ಯಾರಿಗೂ ಅನ್ಯಾಯವಿಲ್ಲ. ಆದರೆ ಇಂದಿನ ಪುಟದಲ್ಲಿ ಅಂಗಡಿಕಾರನೊಬ್ಬನೇ ಕುಳಿತಿರುವದಿಲ್ಲ. ಸುದ್ದಿಯ ಪುಟವನ್ನು ತೆರೆದರೆ ಅದರ ಅಂಚಿನ ಜಾಹೀರಾತು ಮೂರನೆಯವನೊಬ್ಬನ ಯಂತ್ರದಿಂದ ಬಂದಿರುತ್ತದೆ. ಅವನೂ ತನ್ನದೊಂದು ಚೀಟಿಯನ್ನು ಅಂಟಿಸುತ್ತಾನೆ. ಅದೇ ಮೂರನೆಯವನು ಔಷಧ ಮಾರುವ ಪುಟದಲ್ಲಿ, ಪಂಚಾಂಗದ ಪುಟದಲ್ಲಿ, ನೌಕರಿಯ ಜಾಹೀರಾತಿನ ಪುಟದಲ್ಲಿ ನಿಂತು ತನ್ನ ಚೀಟಿಯನ್ನು ತಾನೇ ಓದಿಕೊಳ್ಳುತ್ತಾನೆ. ಸಂತೆಗೆ ಹೋದ ಮನುಷ್ಯನ ಅಂಗಿಯ ಬೆನ್ನಿಗೆ ಒಬ್ಬನು ಮೊದಲ ಅಂಗಡಿಯಲ್ಲಿ ಅಂಕಿ ಬರೆದು, ಮುಂದೆ ಪ್ರತಿಯೊಂದು ಅಂಗಡಿಯ ಮೂಲೆಯಲ್ಲಿ ತನ್ನ ಗುಮಾಸ್ತನನ್ನು ನಿಲ್ಲಿಸಿ, ಈ ಅಂಕಿಯವನು ಏನು ಕೊಂಡನು, ಏನನ್ನು ಮುಟ್ಟಿ ನೋಡಿ ಬಿಟ್ಟನು ಎಂದು ಬರೆಯಿಸಿಕೊಂಡರೆ ಹೇಗಾಗುವದೋ ಹಾಗೆಯೇ ಇದು. ಆ ಮನುಷ್ಯನ ಹೆಸರು ಗುಮಾಸ್ತನಿಗೆ ಬೇಕಾಗಿಯೇ ಇಲ್ಲ, ಅಂಕಿ ಸಾಕು.

ಈ ಮೂರನೆಯವರ ಚೀಟಿಯನ್ನು ತಡೆಯಬೇಕೋ ಬೇಡವೋ ಎಂಬದು ಬ್ರೌಸರಿನ ಕೈಯಲ್ಲಿದೆ. ಫೈರ್‌ಫಾಕ್ಸ್ ಬ್ರೌಸರು 2019ರಲ್ಲಿ ಕುಖ್ಯಾತ ಹಿಂಬಾಲಕರ ಚೀಟಿಗಳನ್ನು ತಾನಾಗಿ ತಡೆಯತೊಡಗಿ, 2022ರಲ್ಲಿ ಪ್ರತಿಯೊಂದು ತಾಣದ ಚೀಟಿಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಡುವ ಏರ್ಪಾಡನ್ನು ಮಾಡಿತು. ಆಪಲ್ ಸಂಸ್ಥೆಯ ಸಫಾರಿಯು 2020ರ ಮಾರ್ಚಿನಲ್ಲಿ ಅವನ್ನು ಪೂರ್ತಿಯಾಗಿ ನಿಲ್ಲಿಸಿತು. ಅದೇ ವರ್ಷದ ಜನವರಿಯಲ್ಲಿ ಗೂಗಲ್ ಸಂಸ್ಥೆಯು ಎರಡು ವರ್ಷಗಳಲ್ಲಿ ಕ್ರೋಮಿನಿಂದಲೂ ಇವನ್ನು ತೆಗೆಯುವೆನೆಂದು ವಚನವಿತ್ತಿತು. ಎರಡು ವರ್ಷ ನಾಲ್ಕಾಯಿತು. 2024ರ ಜುಲೈಯಲ್ಲಿ ಆ ಸಂಕಲ್ಪವನ್ನೇ ಕೈಬಿಡಲಾಯಿತು. ಜಾಹೀರಾತಿನ ಪೈಪೋಟಿಯ ವಿಷಯದಲ್ಲಿ ಇಂಗ್ಲಂಡದ ಅಧಿಕಾರಿಗಳೂ ಆಕ್ಷೇಪಣೆಗಳನ್ನೆತ್ತಿದ್ದರೆಂಬದು ನಿಜ. ಆದರೂ ಜಾಹೀರಾತಿನಿಂದ ಬದುಕದವರಿಗೆ ಸುಲಭವಾದ ಕೆಲಸವು ಅದರಿಂದಲೇ ಬದುಕುವವರಿಗೆ ಅಸಾಧ್ಯವಾಯಿತೆಂಬದನ್ನು ವಾಚಕರು ಗಮನಿಸಬೇಕು.

ಕ್ರೋಮಿನಲ್ಲಿ ಇನ್‌ಕಾಗ್ನಿಟೋ ಎಂಬ ಒಂದು ಕಿಟಕಿಯಿದೆ. ಟೋಪಿ ಹಾಕಿ ಕಪ್ಪು ಕನ್ನಡಕವಿಟ್ಟ ಮನುಷ್ಯನ ಚಿತ್ರವು ಅದರ ಮೇಲಿರುವದರಿಂದ, ಅದನ್ನು ತೆರೆದರೆ ತಾವು ಯಾರಿಗೂ ಕಾಣುವದಿಲ್ಲವೆಂದು ಬಹುಮಂದಿ ನಂಬಿದ್ದಾರೆ. ಅದು ಮರೆಮಾಡುವದು ಅದೇ ಯಂತ್ರವನ್ನು ಬಳಸುವ ಮನೆಯವರಿಂದ ಮಾತ್ರ. ಕಿಟಕಿಯನ್ನು ಮುಚ್ಚಿದ ಮೇಲೆ ಆ ಯಂತ್ರದಲ್ಲಿ ಇತಿಹಾಸ ಉಳಿಯುವದಿಲ್ಲ, ಅಷ್ಟೇ. ದೂರದ ತಾಣಗಳಿಗೂ, ಸಂಪರ್ಕ ಕೊಡುವ ಕಂಪನಿಗೂ, ಕಚೇರಿಯ ಜಾಲವನ್ನು ನೋಡಿಕೊಳ್ಳುವವರಿಗೂ ಮೊದಲಿನಂತೆಯೇ ಕಾಣುತ್ತದೆ. ಇದರ ಬಗ್ಗೆ 2020ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹೂಡಿದ ಮೊಕದ್ದಮೆಯು 2024ರಲ್ಲಿ ರಾಜಿಯಾಗಿ, ಗೂಗಲ್ ಸಂಸ್ಥೆಯು ಆ ಬಗೆಯ ಓಡಾಟದ ನೂರಾರು ಕೋಟಿ ದಾಖಲೆಗಳನ್ನು ನಾಶಮಾಡಲು ಒಪ್ಪಿಕೊಂಡಿತು. ಇರದ ವಸ್ತುವನ್ನು ನಾಶಮಾಡಲು ಯಾರೂ ಒಪ್ಪುವದಿಲ್ಲ.

ಚೀಟಿಯಿಲ್ಲದೆಯೂ ಗುರುತು ಹಿಡಿಯಬಹುದು. ಪರದೆಯ ಅಳತೆ, ಗಡಿಯಾರದ ವಲಯ, ಯಂತ್ರದಲ್ಲಿರುವ ಅಕ್ಷರಮಾದರಿಗಳು, ಓದಬಯಸುವ ಭಾಷೆ, ಇವೆಲ್ಲವನ್ನೂ ಬ್ರೌಸರು ಕೇಳಿದವರಿಗೆ ಹೇಳುತ್ತದೆ. ಒಂದೊಂದೂ ಸಾಮಾನ್ಯವೇ; ಎಲ್ಲ ಕೂಡಿದರೆ ನಡಿಗೆಯಿಂದ ಮನುಷ್ಯನನ್ನು ಗುರುತಿಸಿದಂತಾಗುತ್ತದೆ. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಪರೀಕ್ಷಿಸಿದಾಗ ಬಂದ ಬ್ರೌಸರುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಮಿಕ್ಕಿದವು ತಮ್ಮಂಥ ಇನ್ನೊಂದಿಲ್ಲದವುಗಳಾಗಿದ್ದವು. ಪರದೇಶದಲ್ಲಿರುವ ನಮ್ಮವರಿಗೆ ಇದರಲ್ಲಿ ಒಂದು ವಿಶೇಷ ಸಂಕಟವಿದೆ. ಬೆಂಗಳೂರಿನಲ್ಲಿ ಬ್ರೌಸರಿನ ಮೊದಲ ಭಾಷೆ ಕನ್ನಡವೆಂದು ನಿಗದಿ ಮಾಡಿಕೊಂಡವನು ಹಲವರಲ್ಲಿ ಒಬ್ಬನು. ಅಮೆರಿಕದ ಒಂದು ಸಣ್ಣ ಊರಿನಲ್ಲಿ ಹಾಗೆ ಮಾಡಿಕೊಂಡವನು ಬಹುಶಃ ಅವನೊಬ್ಬನೇ. ಮಾತೃಭಾಷೆಯ ಅಭಿಮಾನವೇ ಹಣೆಪಟ್ಟಿಯಾಗುವ ಇಂಥ ಕಾಲವು ಬರುವದೆಂದು ನಮ್ಮ ಹಿರಿಯರು ಎಣಿಸಿರಲಾರರು.

ಹಾಗಾದರೆ ನಂಬತಕ್ಕ ಆಳು ಯಾವನು? ಇಲ್ಲಿ ಮುಕ್ತ ತಂತ್ರಾಂಶದ ವಿಚಾರವು ಬರುತ್ತದೆ. ತಂತ್ರಾಂಶವೆಂಬದು ಮೊದಲು ಮನುಷ್ಯರು ಓದಬಲ್ಲ ಬರಹವಾಗಿದ್ದು, ಆ ಮೇಲೆ ಯಂತ್ರಕ್ಕೆ ಮಾತ್ರ ತಿಳಿಯುವ ರೂಪವನ್ನು ತಾಳುತ್ತದೆ. ಆ ಮೂಲಬರಹವನ್ನು ಗುಟ್ಟಾಗಿಟ್ಟರೆ ಒಳಗೆ ಏನು ನಡೆದಿದೆಯೆಂಬದಕ್ಕೆ ಮಾರುವವನ ಮಾತೇ ಆಧಾರ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಇವರು ಗ್ನು ಎಂಬ ಕಾರ್ಯವನ್ನು ಘೋಷಿಸಿ, ತಂತ್ರಾಂಶವನ್ನು ನಡೆಸಲು, ಓದಿ ನೋಡಲು, ತಿದ್ದಲು, ಹಂಚಲು ಎಲ್ಲರಿಗೂ ಹಕ್ಕಿರಬೇಕೆಂದು ವಾದಿಸಿದರು. 1991ರಲ್ಲಿ ಫಿನ್‌ಲಂಡದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಆರಂಭಿಸಿದನು. ಇಂದು ಜಗತ್ತಿನ ದೊಡ್ಡ ಯಂತ್ರಗಳೂ, ವಾಚಕರ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಹೊಟ್ಟೆಯೂ ಅದರ ಮೇಲೆಯೇ ನಡೆದಿವೆ.

ಬರಹ ಬಯಲಾಗಿದ್ದರೆ ದೋಷವೇ ಇರುವದಿಲ್ಲವೆಂದು ಹೇಳುವವರಿದ್ದಾರೆ. ಅದು ಭಕ್ತರ ಮಾತು. ಕೋಟಿಗಟ್ಟಲೆ ಜನರ ಗುಪ್ತ ವ್ಯವಹಾರವನ್ನು ಕಾಯುತ್ತಿದ್ದ ಓಪನ್ ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ ಒಂದು ಬಿರುಕು ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದು, 2014ರ ಎಪ್ರಿಲಿನಲ್ಲಿ ಬಯಲಿಗೆ ಬಂದಿತು. ಇನ್ನೂ ಭಯಂಕರವಾದದ್ದು 2024ರ ಸಂಗತಿ. ಲಿನಕ್ಸ್ ಯಂತ್ರಗಳಲ್ಲೆಲ್ಲ ಇರುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶವನ್ನು ಹೆಚ್ಚುಕಡಿಮೆ ಒಬ್ಬನೇ ಸ್ವಯಂಸೇವಕನು ನೋಡಿಕೊಳ್ಳುತ್ತಿದ್ದನು; ದಣಿದಿದ್ದನು. ಜಿಯಾ ಟಾನ್ ಎಂಬ ಹೆಸರಿಟ್ಟುಕೊಂಡ ಅಜ್ಞಾತ ವ್ಯಕ್ತಿಯು ಎರಡು ವರ್ಷಗಳಿಗೂ ಮಿಕ್ಕಿ ವಿನಯದಿಂದ ಸಹಾಯ ಮಾಡಿ, ವಿಶ್ವಾಸ ಸಂಪಾದಿಸಿ, ಕೀಲಿಕೈಯನ್ನು ಪಡೆದುಕೊಂಡು, ಒಳಗೆ ಕಳ್ಳಬಾಗಿಲನ್ನು ಇಟ್ಟನು. ಮಾರ್ಚಿಯ 29ರಂದು ಅದನ್ನು ಬಯಲಿಗೆಳೆದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರರು. ತಮ್ಮ ಯಂತ್ರವನ್ನು ಹೊಗುವಾಗ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂಬದರಿಂದ ಅವರಿಗೆ ಸಂಶಯ ಬಂದಿತು! ಆ ಸಂಶಯದ ಬೆನ್ನು ಹತ್ತಿ ಅವರು ಮೂಲಬರಹವನ್ನು ತೆರೆದು ನೋಡಿದರು. ತೆರೆದು ನೋಡಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಮುಕ್ತ ತಂತ್ರಾಂಶದ ಹೆಚ್ಚಳವಿರುವದು ಈ ಒಂದು ಮಾತಿನಲ್ಲಿ. ಮುಚ್ಚಿದ ತಂತ್ರಾಂಶದಲ್ಲಿ ಅಂಥ ಬಾಗಿಲಿದ್ದರೆ ಆ ಇಂಜಿನಿಯರರು ಕಂಪನಿಗೆ ಪತ್ರ ಬರೆದು ಉತ್ತರಕ್ಕಾಗಿ ಕಾಯಬೇಕಾಗುತ್ತಿತ್ತು.

ಆದರೆ ಬರಹ ಬಯಲಾಗಿದ್ದ ಮಾತ್ರಕ್ಕೆ ಅಧಿಕಾರವು ಹಂಚಿಹೋಗುವದಿಲ್ಲ. ಕ್ರೋಮಿನ ತಳಹದಿಯಾದ ಕ್ರೋಮಿಯಂ ಮುಕ್ತವಾದದ್ದೇ. ಮೈಕ್ರೊಸಾಫ್ಟಿನ ಎಡ್ಜ್, ಒಪೇರಾ, ಬ್ರೇವ್ ಇವೆಲ್ಲ ಅದೇ ತಳಹದಿಯ ಮೇಲೆ ಕಟ್ಟಿದ ಮನೆಗಳು. ಯಾವ ದಾರಿಯಲ್ಲಿ ಅದು ಸಾಗಬೇಕೆಂಬದನ್ನು ನಿರ್ಣಯಿಸುವವರು ಮಾತ್ರ ಬಹುಮಟ್ಟಿಗೆ ಗೂಗಲಿನವರು. ಯುಬ್ಲಾಕ್ ಆರಿಜಿನ್ ಎಂಬ ಉಪಸಾಧನವೊಂದಿದೆ; ರೇಮಂಡ್ ಹಿಲ್ ಇವರು ಕಟ್ಟಿದ್ದು, ಯಾರಿಂದಲೂ ದೇಣಿಗೆಯನ್ನು ಕೂಡ ಸ್ವೀಕರಿಸದೆ ಕೊಡುತ್ತಿರುವದು; ಜಾಹೀರಾತಿನ ಗುಮಾಸ್ತರನ್ನು ಬಾಗಿಲಲ್ಲಿಯೇ ತಡೆಯುವದು. ಉಪಸಾಧನಗಳ ನಿಯಮವನ್ನು ಗೂಗಲ್ ಸಂಸ್ಥೆಯು ಬದಲಿಸಿದ್ದರಿಂದ 2024 ಮತ್ತು 2025ರಲ್ಲಿ ಇದು ಕ್ರೋಮಿನಲ್ಲಿ ನಿಂತುಹೋಗಿ, ಬಲ ಕುಗ್ಗಿದ ಒಂದು ಕಿರುರೂಪವು ಮಾತ್ರ ಉಳಿಯಿತು. ಭದ್ರತೆಗಾಗಿ ಹೀಗೆ ಮಾಡಿದೆವೆಂದು ಸಂಸ್ಥೆಯು ಹೇಳಿತು. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಜಾಹೀರಾತು ಮಾರುವವನೇ ಜಾಹೀರಾತನ್ನು ತಡೆಯುವ ಕೋಲಿನ ಉದ್ದವನ್ನು ಗೊತ್ತುಪಡಿಸುವದು ಬೇಲಿಗೆ ಹೊಲದ ಅಧಿಕಾರವನ್ನು ಕೊಟ್ಟಂತೆ.

ಫೈರ್‌ಫಾಕ್ಸಿನ ಹುಟ್ಟು ಬೇರೆ. ಮೈಕ್ರೊಸಾಫ್ಟಿನ ಪೈಪೋಟಿಯಲ್ಲಿ ಸೋಲುತ್ತಿದ್ದ ನೆಟ್‌ಸ್ಕೇಪ್ ಸಂಸ್ಥೆಯು 1998ರ ಮಾರ್ಚಿನಲ್ಲಿ ತನ್ನ ಬ್ರೌಸರಿನ ಮೂಲಬರಹವನ್ನು ಲೋಕದ ಕೈಗೆ ಒಪ್ಪಿಸಿತು. 2003ರಲ್ಲಿ ಮೊಜಿಲ್ಲಾ ಪ್ರತಿಷ್ಠಾನವು ಸ್ಥಾಪಿತವಾಗಿ, 2004ರ ನವಂಬರಿನಲ್ಲಿ ಫೈರ್‌ಫಾಕ್ಸಿನ ಮೊದಲ ಪೂರ್ಣ ಆವೃತ್ತಿ ಹೊರಬಿದ್ದಿತು. ಲಾಭ ಹಂಚಿಕೊಳ್ಳುವ ಪಾಲುದಾರರು ಅದಕ್ಕಿಲ್ಲ. ಗೂಗಲಿನದಲ್ಲದ, ಆಪಲಿನದಲ್ಲದ ಸ್ವಂತ ತಳಹದಿಯಿದೆ. ಆದರೂ ನಮ್ಮ ಮೊದಲ ಪ್ರಶ್ನೆಯನ್ನು ಇಲ್ಲಿಯೂ ಕೇಳತಕ್ಕದ್ದು: ಸಂಬಳ ಕೊಡುವವರಾರು? ಗೂಗಲಿನವರೇ! ಹುಡುಕಾಟದ ಚೌಕದಲ್ಲಿ ಗೂಗಲನ್ನು ಇಟ್ಟದ್ದಕ್ಕೆ ಬರುವ ಹಣವೇ ಫೈರ್‌ಫಾಕ್ಸಿನ ಉತ್ಪನ್ನದಲ್ಲಿ ನೂರಕ್ಕೆ ಸುಮಾರು 85 ಪಾಲೆಂದು ಮೊಜಿಲ್ಲಾದ ಹಣಕಾಸಿನ ಅಧಿಕಾರಿಯು 2025ರ ಮೇ ತಿಂಗಳಲ್ಲಿ ಮೆಹತಾ ಅವರ ನ್ಯಾಯಾಲಯದಲ್ಲಿಯೇ ಸಾಕ್ಷ್ಯ ನುಡಿದನು. ಉಂಡ ಮನೆಯ ಜಂತೆಯನ್ನು ಎಣಿಸಬಾರದೆಂದು ಗಾದೆ. ಈ ಆಳು ಜಂತೆಯನ್ನು ಎಣಿಸುತ್ತಲೇ ಉಣ್ಣುತ್ತಿದ್ದಾನೆ. ಎಷ್ಟು ದಿನ ನಡೆದೀತೋ ಹೇಳಲಾಗದು. 2024ರಲ್ಲಿ ಆ ಸಂಸ್ಥೆಯೂ ಜಾಹೀರಾತಿನ ಅಳತೆ ಮಾಡುವ ಒಂದು ಕಂಪನಿಯನ್ನು ಕೊಂಡಿತು. 2025ರ ಫೆಬ್ರುವರಿಯಲ್ಲಿ, ಬಳಸುವವರ ಮಾಹಿತಿಯನ್ನು ಎಂದಿಗೂ ಮಾರುವದಿಲ್ಲವೆಂಬ ಹಳೆಯ ಮಾತನ್ನು ತನ್ನ ಪುಟಗಳಿಂದ ತೆಗೆದುಹಾಕಿತು. ಕೂಗೆದ್ದ ಮೇಲೆ, ಮಾರಾಟವೆಂಬ ಶಬ್ದಕ್ಕೆ ಕೆಲವು ಕಾಯಿದೆಗಳು ಬಹು ವಿಶಾಲವಾದ ಅರ್ಥವನ್ನು ಕೊಡುತ್ತವೆಂದು ಸಮಜಾಯಿಷಿ ಹೇಳಿ ವಾಕ್ಯಗಳನ್ನು ತಿದ್ದಿತು.

ಬೇರೆಯವರೂ ಇದೇ ಪರೀಕ್ಷೆಯಲ್ಲಿ ಎಡವಿದ್ದಾರೆ. ಖಾಸಗಿತನವನ್ನೇ ಸಾರುವ ಬ್ರೇವ್ ಬ್ರೌಸರು, ನಾಣ್ಯ ವಿನಿಮಯದ ಒಂದು ತಾಣದ ವಿಳಾಸವನ್ನು ಬರೆಯುವಾಗ ತನ್ನ ದಲಾಲಿಯ ಗುರುತನ್ನು ತಾನೇ ಸೇರಿಸುತ್ತಿತ್ತೆಂದು 2020ರ ಜೂನಿನಲ್ಲಿ ಬಯಲಾಯಿತು. ಅದರ ಮುಖ್ಯಸ್ಥರು ಒಪ್ಪಿಕೊಂಡು ತೆಗೆಸಿದರು. ಡಕ್‌ಡಕ್‌ಗೋ ಸಂಸ್ಥೆಯ ಬ್ರೌಸರು ಎಲ್ಲ ಹಿಂಬಾಲಕರನ್ನೂ ತಡೆಯುತ್ತ ಮೈಕ್ರೊಸಾಫ್ಟಿನವರನ್ನು ಮಾತ್ರ ಬಿಡುತ್ತಿತ್ತೆಂದು 2022ರ ಮೇಯಲ್ಲಿ ಒಬ್ಬ ಸಂಶೋಧಕನು ತೋರಿಸಿಕೊಟ್ಟನು. ಹುಡುಕಾಟದ ಉತ್ತರಗಳನ್ನು ಆ ಸಂಸ್ಥೆಯು ಪಡೆಯುತ್ತಿದ್ದದ್ದು ಮೈಕ್ರೊಸಾಫ್ಟಿನಿಂದ. ಕೆಲವು ತಿಂಗಳಲ್ಲಿ ಅದನ್ನೂ ಸರಿಪಡಿಸಲಾಯಿತು.

ಹೀಗಿರುವಾಗ ಯಾರನ್ನು ಇಟ್ಟುಕೊಂಡರೂ ಒಂದೇ ಎಂದು ಕೈಚೆಲ್ಲುವದು ಸೋಮಾರಿಗಳ ವೇದಾಂತ. ತಪ್ಪಿ ನಡೆದಾಗ ಸಿಕ್ಕಿಬೀಳುವ ಆಳಿಗೂ, ಸಿಕ್ಕಿಬೀಳುವ ದಾರಿಯನ್ನೇ ಮುಚ್ಚಿಕೊಂಡ ಆಳಿಗೂ ಬಹಳ ಅಂತರವಿದೆ. ನಮ್ಮ ಅಭಿಪ್ರಾಯದಲ್ಲಿ ಸಾಮಾನ್ಯ ಗೃಹಸ್ಥನಿಗೆ ಫೈರ್‌ಫಾಕ್ಸನ್ನು ಇಟ್ಟುಕೊಂಡು ಅದಕ್ಕೆ ಯುಬ್ಲಾಕ್ ಆರಿಜಿನನ್ನು ಜೋಡಿಸುವದು ಯೋಗ್ಯವಾದದ್ದು. ಆಂಡ್ರಾಯ್ಡ್ ಫೋನಿನಲ್ಲಿಯೂ ಇದು ಸಾಧ್ಯ. ಆಪಲ್ ಫೋನಿನಲ್ಲಿ ಮಾತ್ರ ನಮ್ಮ ದೇಶದಲ್ಲಿ ಎಲ್ಲ ಬ್ರೌಸರುಗಳೂ ಆಪಲಿನ ತಳಹದಿಯನ್ನೇ ಬಳಸಬೇಕಾಗಿರುವದರಿಂದ ಹೆಸರು ಬದಲಾದರೂ ಒಳಗಿನದು ಬದಲಾಗುವದಿಲ್ಲ. ಕ್ರೋಮಿನ ಚಾಳಿಯನ್ನೇ ಬಿಡಲಾರದವರಿಗೆ ಬ್ರೇವ್ ಆದೀತು. ಸುದ್ದಿಯ ಮೂಲವನ್ನು ಕಾಪಾಡಬೇಕಾದ ಪತ್ರಕರ್ತರಿಗೂ, ಮೇಲಿನವರ ಅನ್ಯಾಯವನ್ನು ಹೊರಗೆ ತಿಳಿಸಬೇಕಾದ ನೌಕರರಿಗೂ ಇವು ಸಾಲವು. ಮೂರು ಯಂತ್ರಗಳ ಮೂಲಕ ಸುತ್ತಿಸಿ ಗುರುತನ್ನು ಅಳಿಸುವ ಟಾರ್ ಅಂಥವರಿಗಾಗಿಯೇ ಇರುವದು. ಅದು ಮಂದಗತಿಯದು; ಸಿನೆಮಾ ನೋಡಲು ತಕ್ಕದ್ದಲ್ಲ. ಯಾವದನ್ನು ಇಟ್ಟುಕೊಂಡರೂ ಗೂಗಲಿನ ಖಾತೆಯಲ್ಲಿ ಹೆಸರು ದಾಖಲಿಸಿಕೊಂಡೇ ದಿನವೆಲ್ಲ ತಿರುಗಾಡಿದರೆ ಬಾಗಿಲಿಗೆ ಅಗಳಿಯಿಟ್ಟು ಕಿಟಕಿಯನ್ನು ತೆರೆದಿಟ್ಟಂತಾಗುವದು.

ನಮ್ಮ ವಾಚಕರಲ್ಲಿ ಅಧಿಕಾರಿಗಳು ಬಹುಮಂದಿ ಇರುವದರಿಂದ ಕಚೇರಿಯ ಮಾತನ್ನೂ ಎತ್ತಬೇಕಾಗಿದೆ. ತಂತ್ರಾಂಶವು ಒಬ್ಬರ ಮುಷ್ಟಿಯಲ್ಲಿದ್ದರೆ ಏನಾಗುವದೆಂಬದು ಕನ್ನಡದ ಕಚೇರಿಗಳಿಗೆ ಹೊಸತಲ್ಲ. ಯುನಿಕೋಡ್ ರೂಢಿಗೆ ಬರುವ ಮೊದಲು ಕನ್ನಡದ ತಂತ್ರಾಂಶಗಳು ತಮ್ಮ ತಮ್ಮ ಅಕ್ಷರಸಂಕೇತವನ್ನೇ ಇಟ್ಟುಕೊಂಡಿದ್ದವು. ಒಂದರಲ್ಲಿ ಟೈಪು ಮಾಡಿದ ಕಡತವನ್ನು ಅದಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತಿತ್ತು. ಇಂದು ಫೈರ್‌ಫಾಕ್ಸ್ ಕನ್ನಡದಲ್ಲಿಯೇ ಮಾತಾಡುತ್ತದೆ. ಲಿಬ್ರೆ ಆಫೀಸ್ ಕನ್ನಡದ ಕಾಗದಪತ್ರಗಳನ್ನು ಬರೆಯುತ್ತದೆ. ಗುಬ್ಬಿ, ಲೋಹಿತ್ ಮುಂತಾದ ಅಕ್ಷರಗಳು ಯಾರ ಅಪ್ಪಣೆಯೂ ಇಲ್ಲದೆ ದೊರೆಯುತ್ತವೆ. ಇವುಗಳಲ್ಲಿ ಸಂಬಳವಿಲ್ಲದ ಕನ್ನಡಿಗ ತರುಣರ ದುಡಿಮೆಯೂ ಇದೆ. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ಪ್ರಾಂತವು 2024ರಲ್ಲಿ ತನ್ನ ಸುಮಾರು 30,000 ಯಂತ್ರಗಳನ್ನು ಮುಕ್ತ ತಂತ್ರಾಂಶಕ್ಕೆ ತಿರುಗಿಸಲು ನಿಶ್ಚಯಿಸಿತು. ಅದೇ ದೇಶದ ಮ್ಯೂನಿಕ್ ನಗರಸಭೆಯು ಸುಮಾರು ಹದಿನೈದು ಸಾವಿರ ಯಂತ್ರಗಳನ್ನು ಹೀಗೆ ತಿರುಗಿಸಿ, 2017ರಲ್ಲಿ ಹಿಂದಕ್ಕೆ ಸರಿದದ್ದನ್ನೂ ಮರೆಯುವಂತಿಲ್ಲ. ಸುಲಭವಾದ ದಾರಿಯೆಂದು ಯಾರೂ ಭ್ರಮಿಸಬಾರದು.

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಏಕಮತದಿಂದ ಸಾರಿದ ಮೊಕದ್ದಮೆಯ ವಾದಿಯು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಇವರು. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಅವರು ಆ ಅರ್ಜಿಯನ್ನು ಕೊಟ್ಟರು. ಅದರ ಬೆನ್ನಿಗೆ 2023ರಲ್ಲಿ ಸಂಸತ್ತು ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಒಂದು ಕಾಯಿದೆಯನ್ನು ಮಾಡಿತು. ಆ ಕಾಯಿದೆಯು ಬಹುಮಟ್ಟಿಗೆ ನಿಂತಿರುವದು ಪ್ರಜೆಯ ಸಮ್ಮತಿಯ ಮೇಲೆ. ಸಮ್ಮತಿಯೆಂದರೆ ಓದದೆ ಒತ್ತುವ ಗುಂಡಿಯಾಗಿರುವಲ್ಲಿ ಅದರ ಬಲ ಎಷ್ಟೆಂಬದನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ಹೆಚ್ಚು ಜನರಿಗೆ ತಿಳಿಯದ ಇನ್ನೊಂದು ಕಾಗದವು 2015ರಿಂದಲೂ ಇದೆ. ಕೇಂದ್ರ ಸರಕಾರವು ಆ ವರ್ಷ ಮುಕ್ತ ತಂತ್ರಾಂಶದ ಸ್ವೀಕಾರದ ಬಗ್ಗೆ ತನ್ನ ನೀತಿಯನ್ನು ಪ್ರಕಟಿಸಿ, ಕಚೇರಿಗಳು ಟೆಂಡರು ಕರೆಯುವಾಗ ಮುಕ್ತ ತಂತ್ರಾಂಶವನ್ನೂ ಪರಿಶೀಲಿಸಬೇಕೆಂದು ಕೇಳತಕ್ಕದ್ದೆಂದೂ, ಅದನ್ನು ಬಿಟ್ಟವರು ಬಿಟ್ಟದ್ದೇಕೆಂದು ಸಮರ್ಥನೆಯನ್ನು ಕೊಡತಕ್ಕದ್ದೆಂದೂ ವಿಧಿಸಿತು. ಅಂಥ ಸಮರ್ಥನೆಗಳು ಆಯಾ ಕಚೇರಿಗಳ ಕಡತಗಳಲ್ಲಿ ಇರತಕ್ಕವು. ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ಹತ್ತು ರೂಪಾಯಿಯ ಶುಲ್ಕವನ್ನು ಕಟ್ಟಿ ಅವುಗಳ ನಕಲನ್ನು ಯಾವ ನಾಗರಿಕನಾದರೂ ಕೇಳಬಹುದು.